ತಾಯಿ ನೆಗೆಟಿವ್, ಮಗು ಪಾಸಿಟಿವ್: ತಾಯಿ ಕಾರ್ಡ್‌ನಲ್ಲಿ ಬರೆಸಲೇಬೇಕಾದ ದಿನಾಂಕಗಳು

ನನ್ನ ಬ್ಲಡ್ ಗ್ರೂಪ್ ಎ ನೆಗೆಟಿವ್. ಗಂಡನದ್ದು ಬಿ ಪಾಸಿಟಿವ್. ಮೊದಲ ಸಲ ಬಸುರಿಯಾದಾಗ ಹದಿನಾಲ್ಕನೇ ವಾರದಲ್ಲಿ ಗರ್ಭ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಕ್ಲೀನ್ ಮಾಡಿ, ಮಾತ್ರೆ ಬರೆದುಕೊಟ್ಟು, ಸಂಜೆಗೆ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಹಾಳೆಯ ಮೇಲ್ಗಡೆ ನನ್ನ ಗ್ರೂಪ್ ಬರೆದೇ ಇತ್ತು. ಆದರೆ ಆ ದಿನ ಕೊಡಲೇಬೇಕಿದ್ದ ಒಂದು ಇಂಜೆಕ್ಷನ್ ಕೊಟ್ಟಿರಲಿಲ್ಲ. ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ.

ಮತ್ತೆ ಬಸುರಿಯಾದಾಗ ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ಹಳೇ ಹಾಳೆಯನ್ನು ಎರಡು ಸಲ ತಿರುವಿ ಹಾಕಿ, "ಆಂಟಿ-ಡಿ ಯಾವತ್ತು ಕೊಟ್ಟರು?" ಎಂದು ಕೇಳಿದರು. ಆ ಹೆಸರನ್ನು ನಾನು ಕೇಳಿದ್ದೇ ಅವತ್ತು. ರಕ್ತ ಪರೀಕ್ಷೆಯ ರಿಪೋರ್ಟ್ ಬರುವ ತನಕ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ನನಗೇನೂ ಆಗಿರಲಿಲ್ಲ, ಪುಣ್ಯ. ಆದರೆ ಇದನ್ನು ಪುಣ್ಯಕ್ಕೆ ಬಿಡಬಾರದು. ನೀವು ನೆಗೆಟಿವ್ ಗ್ರೂಪಿನವರಾಗಿದ್ದರೆ, ಅಥವಾ ಮನೆಯಲ್ಲಿ ಸೊಸೆ, ಮಗಳು, ತಂಗಿ ಯಾರಾದರೂ ಇದ್ದರೆ, ಯಾವಾಗ ಏನು ಮಾಡಿಸಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

ಒಳಗೆ ಆಗುವುದೇನು

ಗ್ರೂಪಿನ ಹೆಸರಿನ ಕೊನೆಗೆ ಬರುವ ಪಾಸಿಟಿವ್, ನೆಗೆಟಿವ್ ಅನ್ನುವುದು ಆರ್‌ಎಚ್ ಅಂಶದ ಗುರುತು. ಕೆಂಪು ರಕ್ತಕಣದ ಮೇಲೆ 'ಡಿ' ಎಂಬ ಪ್ರೋಟೀನ್ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಅಷ್ಟೇ. ನೆಗೆಟಿವ್ ಅಂದರೆ ರಕ್ತದಲ್ಲಿ ಏನೋ ಕೊರತೆ ಅಂತ ಅಲ್ಲವೇ ಅಲ್ಲ. ಯುರೋಪಿನ ಮೂಲದವರಲ್ಲಿ ನೂರಕ್ಕೆ 15 ಜನ ಹೀಗಿರುತ್ತಾರೆ. ನಮ್ಮ ದೇಶದಲ್ಲಿ ಸುಮಾರು 5.

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗಬಹುದು. ಹೊಟ್ಟೆಯಲ್ಲಿರುವಾಗ ತಾಯಿಯ ರಕ್ತ, ಮಗುವಿನ ರಕ್ತ ಸಾಮಾನ್ಯವಾಗಿ ಬೆರೆಯುವುದಿಲ್ಲ. ನಡುವೆ ಮಾಸು ಇರುತ್ತದೆ. ಹೆರಿಗೆಯ ಹೊತ್ತಿಗೆ ಮಾಸು ಬಿಡಿಸಿಕೊಳ್ಳುವಾಗ ಮಗುವಿನ ಸ್ವಲ್ಪ ರಕ್ತ ತಾಯಿಯ ಮೈಗೆ ಸೇರುತ್ತದೆ. ಗರ್ಭಪಾತ ಆದಾಗ, ರಕ್ತಸ್ರಾವ ಆದಾಗ, ಹೊಟ್ಟೆಗೆ ಪೆಟ್ಟು ಬಿದ್ದಾಗಲೂ ಸೇರಬಹುದು. ತಾಯಿಯ ಮೈ ಈ 'ಡಿ' ಪ್ರೋಟೀನನ್ನು ಯಾವತ್ತೂ ಕಂಡಿರುವುದಿಲ್ಲ. ಹೊರಗಿನಿಂದ ಬಂದ ರೋಗಾಣು ಇರಬೇಕು ಅಂದುಕೊಂಡು ಅದರ ವಿರುದ್ಧ ಆಂಟಿಬಾಡಿ ತಯಾರಿಸುತ್ತದೆ.

ಇದಕ್ಕೆ ಸಮಯ ಹಿಡಿಯುತ್ತದೆ. ಅದಕ್ಕೇ ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಮೈ ಅದನ್ನು ಮರೆಯುವುದಿಲ್ಲ. ಮುಂದಿನ ಪಾಸಿಟಿವ್ ಮಗು ಹೊಟ್ಟೆಯಲ್ಲಿರುವಾಗ ಆ ಆಂಟಿಬಾಡಿಗಳು ಮಾಸನ್ನು ದಾಟಿ ಹೋಗಿ ಮಗುವಿನ ರಕ್ತಕಣಗಳನ್ನು ಒಡೆಯುತ್ತವೆ. ಮಗುವಿಗೆ ರಕ್ತಹೀನತೆ, ಮೈಯೆಲ್ಲ ನೀರು ತುಂಬುವುದು, ಹುಟ್ಟಿದ ಕೂಡಲೇ ಜೋರು ಕಾಮಾಲೆ, ಕೆಲವು ಸಲ ಹೊಟ್ಟೆಯಲ್ಲೇ ಸಾವು. "ಮೊದಲನೇದು ಚೆನ್ನಾಗಿತ್ತು, ಆಮೇಲಿನವು ಒಂದೂ ಉಳಿಯಲಿಲ್ಲ" ಅಂತ ಹಳೇ ಕಾಲದ ಹೆಂಗಸರು ಹೇಳುವುದನ್ನು ಕೇಳಿದ್ದೀರಲ್ವಾ? ಅಂಥ ಕೆಲವು ಮನೆಗಳಲ್ಲಿ ಕಾರಣ ಇದೇ ಇದ್ದಿರಬಹುದು. ಅದನ್ನು ಶಾಪ, ದೋಷ ಅಂದುಕೊಂಡು ಆ ತಾಯಂದಿರು ಎಷ್ಟು ಮಾತು ಕೇಳಿದರೋ.

ಆಂಟಿ-ಡಿ ಇಂಜೆಕ್ಷನ್ ಬಳಕೆಗೆ ಬಂದದ್ದು 1968ರಲ್ಲಿ. ತಾಯಿಯ ರಕ್ತಕ್ಕೆ ಸೇರಿದ ಮಗುವಿನ ಕಣಗಳನ್ನು ಇದು ಮೊದಲೇ ಸಾಗಹಾಕುತ್ತದೆ. ತಾಯಿಯ ಮೈಗೆ ಅವುಗಳ ಪರಿಚಯ ಆಗುವುದೇ ಇಲ್ಲ. ಒಮ್ಮೆ ಪರಿಚಯ ಆಗಿ ಆಂಟಿಬಾಡಿ ಹುಟ್ಟಿಬಿಟ್ಟರೆ ಈ ಇಂಜೆಕ್ಷನ್‌ನಿಂದ ಉಪಯೋಗವಿಲ್ಲ. ಆದ್ದರಿಂದಲೇ ದಿನಾಂಕಕ್ಕೆ ಇಷ್ಟು ಬೆಲೆ.

ಹೆಜ್ಜೆ 1: ಬಸುರಿ ಅಂತ ಗೊತ್ತಾದ ಕೂಡಲೇ ಇಬ್ಬರ ಗ್ರೂಪೂ ಮಾಡಿಸಿ

ಕಾಲೇಜಿನಲ್ಲಿ ರಕ್ತದಾನ ಶಿಬಿರದಲ್ಲಿ ಹೇಳಿದ್ದು, ಆಧಾರ್ ಪಕ್ಕದಲ್ಲಿ ಇಟ್ಟುಕೊಂಡ ಹಳೇ ಚೀಟಿಯಲ್ಲಿದ್ದದ್ದು ಬೇಡ. ಹೊಸದಾಗಿ ಮಾಡಿಸಿ. ತಾಯಿ ನೆಗೆಟಿವ್ ಬಂದರೆ ಅವತ್ತೇ ಗಂಡನದ್ದೂ ಮಾಡಿಸಿ. ಇಬ್ಬರೂ ನೆಗೆಟಿವ್ ಆದರೆ ಮಗುವೂ ನೆಗೆಟಿವ್, ಈ ತೊಂದರೆ ಬರುವುದಿಲ್ಲ. ತಾಯಿ ಪಾಸಿಟಿವ್ ಆಗಿದ್ದರೆ ಗಂಡನದ್ದು ಏನೇ ಇರಲಿ, 'ಡಿ' ವಿಷಯದಲ್ಲಿ ಚಿಂತೆಯಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. "ಗಂಡ ಹೆಂಡತಿ ಇಬ್ಬರದ್ದೂ ಒಂದೇ ಗ್ರೂಪ್ ಆದ್ರೆ ಮಕ್ಕಳಿಗೆ ತೊಂದರೆ" ಅನ್ನುವ ನಂಬಿಕೆ ನಮ್ಮಲ್ಲಿ ಜಾಸ್ತಿ. ಇದನ್ನೇ ಹಿಡಿದು ನಿಂತುಹೋದ ಸಂಬಂಧಗಳೂ ಇವೆ. ಇದು ಪೂರ್ತಿ ತಪ್ಪು. ಒಂದೇ ಗ್ರೂಪ್ ಇದ್ದರೆ ಏನೂ ಆಗುವುದಿಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಬರುವ ಕೆಲವು ವಂಶಪಾರಂಪರ್ಯ ಕಾಯಿಲೆಗಳ ವಿಷಯವೇ ಬೇರೆ, ಇದೇ ಬೇರೆ. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಇದ್ದರೂ ಮದುವೆ ಬೇಡ ಅನ್ನಲು ಕಾರಣವಿಲ್ಲ. ಎರಡು ಇಂಜೆಕ್ಷನ್ ಸರಿಯಾದ ದಿನಕ್ಕೆ ಬಿದ್ದರೆ ಸಾಕು.

ಹೆಜ್ಜೆ 2: ಐಸಿಟಿ ಪರೀಕ್ಷೆ

ಇನ್‌ಡೈರೆಕ್ಟ್ ಕೂಂಬ್ಸ್ ಟೆಸ್ಟ್. ತಾಯಿಯ ರಕ್ತದಲ್ಲಿ ಆಂಟಿಬಾಡಿ ಈಗಾಗಲೇ ಇದೆಯಾ ಅಂತ ನೋಡುವುದು. ತಾಯಿ ನೆಗೆಟಿವ್ ಅಂತ ಗೊತ್ತಾದ ಕೂಡಲೇ ಒಂದು ಸಲ, ಮತ್ತೆ 28ನೇ ವಾರದಲ್ಲಿ ಒಂದು ಸಲ ಮಾಡಿಸುತ್ತಾರೆ.

ರಿಪೋರ್ಟ್ ಓದುವಾಗ ತುಂಬ ಜನ ಗಾಬರಿಯಾಗುವುದು ಇಲ್ಲೇ. ಒಂದು ಸಾಲಿನಲ್ಲಿ 'ಆರ್‌ಎಚ್ ನೆಗೆಟಿವ್' ಅಂತ ಇರುತ್ತದೆ, ಕೆಳಗೆ 'ಐಸಿಟಿ ನೆಗೆಟಿವ್' ಅಂತ ಇರುತ್ತದೆ. ಎರಡು ನೆಗೆಟಿವ್‌ಗೂ ಒಂದಕ್ಕೊಂದು ಸಂಬಂಧವಿಲ್ಲ. ಮೊದಲನೆಯದು ನಿಮ್ಮ ಗ್ರೂಪ್. ಎರಡನೆಯದು ಆಂಟಿಬಾಡಿ ಇಲ್ಲ ಅನ್ನುವ ಒಳ್ಳೆಯ ಸುದ್ದಿ. ಐಸಿಟಿ ಪಾಸಿಟಿವ್ ಬಂದರೆ ಮಾತ್ರ ದಾರಿ ಬೇರೆಯಾಗುತ್ತದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಸರ್ಕಾರಿ ಆಸ್ಪತ್ರೆಗೆ ಹೋಗುವವರು ಆಶಾ ಕಾರ್ಯಕರ್ತೆಗೆ ಗ್ರೂಪ್ ವಿಷಯ ಹೇಳಿಡಿ. ನೆಗೆಟಿವ್ ಗ್ರೂಪಿನ ಬಸುರಿಯರನ್ನು ಹೆಚ್ಚು ನಿಗಾ ಬೇಕಾದವರ ಪಟ್ಟಿಗೆ ಸೇರಿಸುತ್ತಾರೆ. ಪ್ರತಿ ತಿಂಗಳ 9ನೇ ತಾರೀಕು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ. ಅವತ್ತು ಡಾಕ್ಟರ್ ಸಿಕ್ಕಾಗ ಐಸಿಟಿ ಬಗ್ಗೆ ನೀವೇ ಕೇಳಿ. ತಾಯಿ ಕಾರ್ಡ್‌ನ ಮೊದಲ ಪುಟದಲ್ಲಿ ಗ್ರೂಪನ್ನು ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆಸಿ.

ಹೆಜ್ಜೆ 3: 28ನೇ ವಾರದ ಇಂಜೆಕ್ಷನ್

ಇದೇ ನಮ್ಮ ಕಡೆ ಹೆಚ್ಚು ತಪ್ಪಿಹೋಗುವ ಇಂಜೆಕ್ಷನ್. ಯಾಕೆ ಅಂತ ನೋಡಿ. ಕಡೇ ಮುಟ್ಟಿನ ಮೊದಲ ದಿನದಿಂದ 196 ದಿನ ಎಣಿಸಿದರೆ 28 ವಾರ. ಅಂದರೆ ಏಳನೇ ತಿಂಗಳು. ನಮ್ಮಲ್ಲಿ ಸೀಮಂತ ಮಾಡುವುದೂ ಆಗಲೇ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ತವರಿಗೆ ಕಳಿಸುವುದೂ ಆಗಲೇ. ಗಂಡನ ಮನೆ ಕಡೆಯ ಡಾಕ್ಟರ್ "ಇನ್ನು ಊರಲ್ಲೇ ತೋರಿಸ್ಕೊಳ್ಳಿ" ಅನ್ನುತ್ತಾರೆ. ತವರೂರಿನ ಡಾಕ್ಟರ್ "ಅಲ್ಲೇ ಕೊಟ್ಟಿರ್ತಾರೆ" ಅಂದುಕೊಳ್ಳುತ್ತಾರೆ. ಎರಡು ಆಸ್ಪತ್ರೆಗಳ ಮಧ್ಯೆ ಇಂಜೆಕ್ಷನ್ ಬಿಟ್ಟುಹೋಗುತ್ತದೆ. ಬೆಂಗಳೂರಿನಿಂದ ಹಾವೇರಿಗೋ ಪುತ್ತೂರಿಗೋ ಹೋಗುವ ಎಷ್ಟೋ ಹುಡುಗಿಯರ ಕತೆ ಇದು.

ಹಾಗಾಗಿ ಸೀಮಂತದ ದಿನ ಗೊತ್ತು ಮಾಡುವಾಗಲೇ ಕ್ಯಾಲೆಂಡರಿನಲ್ಲಿ 28ನೇ ವಾರಕ್ಕೊಂದು ಗುರುತು ಹಾಕಿ. ಹೊರಡುವ ಮುಂಚೆ ಆ ವಾರ ಬರುತ್ತದೆ ಅಂದರೆ ಇಲ್ಲೇ ಹಾಕಿಸಿಕೊಂಡು ಹೋಗಿ. ಆಮೇಲೆ ಬರುತ್ತದೆ ಅಂದರೆ ತವರೂರಿನ ಆಸ್ಪತ್ರೆಗೆ ಫೋನ್ ಮಾಡಿ ಸ್ಟಾಕ್ ಇದೆಯಾ ಕೇಳಿ. ಈ ಇಂಜೆಕ್ಷನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಸಣ್ಣ ಊರಿನ ಎಲ್ಲ ಮೆಡಿಕಲ್ ಶಾಪಿನಲ್ಲೂ ಇಟ್ಟಿರುವುದಿಲ್ಲ. ಹೊರಗೆ ಕೊಂಡರೆ ಐಸ್ ಪ್ಯಾಕ್ ಜೊತೆ ತನ್ನಿ, ಆದರೆ ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದರೆ ಬಳಸುವಂತಿಲ್ಲ.

ಪೆಟ್ಟಿಗೆಯ ಮೇಲೆ 300 ಮೈಕ್ರೋಗ್ರಾಂ ಅಂತಲೋ 1500 ಐಯು ಅಂತಲೋ ಬರೆದಿರುತ್ತದೆ. ಎರಡೂ ಒಂದೇ ಡೋಸ್. ಸಾಮಾನ್ಯವಾಗಿ ತೋಳಿನ ಇಲ್ಲವೇ ತೊಡೆಯ ಸ್ನಾಯುವಿಗೆ ಕೊಡುತ್ತಾರೆ. ಸ್ವಲ್ಪ ನೋವು ಇರುತ್ತದೆ. ಅಲರ್ಜಿ ಆಗುವುದು ಅಪರೂಪ, ಆದರೂ ಅರ್ಧ ಗಂಟೆ ಅಲ್ಲೇ ಕೂತು ಬನ್ನಿ.

ಒಂದು ಕ್ರಮ ಇದೆ, ಅದನ್ನು ತಪ್ಪಿಸಬಾರದು. ಮೊದಲು ಐಸಿಟಿಗೆ ರಕ್ತ ತೆಗೆಯಬೇಕು, ಆಮೇಲೆ ಇಂಜೆಕ್ಷನ್. ಯಾಕೆಂದರೆ ಇಂಜೆಕ್ಷನ್‌ನಲ್ಲಿ ಇರುವುದೂ ಆಂಟಿಬಾಡಿಯೇ. ಹಾಕಿಸಿಕೊಂಡ ಮೇಲೆ ಕೆಲವು ವಾರ ಐಸಿಟಿ ಮಾಡಿದರೆ ತೆಳುವಾಗಿ ಪಾಸಿಟಿವ್ ಬರಬಹುದು. ದಿನಾಂಕ ಬರೆದಿಲ್ಲದಿದ್ದರೆ ಹೆರಿಗೆ ಮಾಡಿಸುವ ಆಸ್ಪತ್ರೆಯವರು "ಇವರಿಗೆ ಆಗಲೇ ಆಂಟಿಬಾಡಿ ಬಂದಿದೆ" ಅಂದುಕೊಂಡು ಹೆರಿಗೆ ನಂತರದ ಡೋಸನ್ನೇ ಬಿಟ್ಟುಬಿಡುವ ಅಪಾಯ ಇದೆ. ಆದ್ದರಿಂದ ಇಂಜೆಕ್ಷನ್ ಸೀಸೆಯ ಸ್ಟಿಕ್ಕರ್ ಅಥವಾ ಪೆಟ್ಟಿಗೆಯ ಚೂರನ್ನು ತಾಯಿ ಕಾರ್ಡ್‌ಗೆ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆಸಿ, ಫೋಟೊ ತೆಗೆದು ಗಂಡನ ಫೋನಿಗೂ ಅಮ್ಮನ ಫೋನಿಗೂ ಕಳಿಸಿ.

ನಡುವೆ ಏನಾದರೂ ಆದರೆ

ರಕ್ತ ಕಂಡರೆ, ಬಿದ್ದು ಹೊಟ್ಟೆಗೆ ಪೆಟ್ಟಾದರೆ, ಗಾಡಿ ಅಪಘಾತವಾದರೆ, ಆಮ್ನಿಯೋಸೆಂಟೆಸಿಸ್ ಅಂತ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದರೆ, ಮಗು ಅಡ್ಡ ಇದೆ ಅಂತ ಹೊರಗಿನಿಂದ ತಿರುಗಿಸಿದರೆ, ಗರ್ಭ ಟ್ಯೂಬಿನಲ್ಲಿ ಕಟ್ಟಿದ್ದರೆ, ಅಬಾರ್ಷನ್ ಆದರೆ ಆಸ್ಪತ್ರೆಗೆ ಹೋಗಿ. ಬಾಗಿಲಲ್ಲೇ "ನಾನು ನೆಗೆಟಿವ್ ಗ್ರೂಪ್" ಅಂತ ಹೇಳಿ. 72 ಗಂಟೆ ಒಳಗೆ ಇಂಜೆಕ್ಷನ್ ಬೇಕೋ ಎಂದು ಡಾಕ್ಟರ್ ತೀರ್ಮಾನಿಸುತ್ತಾರೆ. 28ನೇ ವಾರದ್ದು ಹಾಕಿಸಿಕೊಂಡಿದ್ದರೂ ಮತ್ತೆ ಬೇಕಾಗಬಹುದು.

12 ವಾರಕ್ಕಿಂತ ಮುಂಚೆ ಗರ್ಭ ಹೋದರೆ ಇಂಜೆಕ್ಷನ್ ಬೇಕೇ ಎನ್ನುವುದರಲ್ಲಿ ಮಾರ್ಗಸೂಚಿಗಳು ಒಂದೇ ಥರ ಇಲ್ಲ. ಅಬಾರ್ಷನ್ ಅಷ್ಟು ಬೇಗ ಆದರೆ ಅಗತ್ಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮಲ್ಲಿ ಹಲವು ಡಾಕ್ಟರ್‌ಗಳು ಸಣ್ಣ ಡೋಸ್ ಕೊಡುತ್ತಾರೆ. ಅದು ಅವರ ತೀರ್ಮಾನಕ್ಕೆ ಬಿಟ್ಟದ್ದು. ಆದರೆ ವಿಷಯ ಅವರಿಗೆ ಗೊತ್ತಾಗಬೇಕಲ್ಲ? ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಮನೆಯಲ್ಲೇ ಯಾರಿಗೂ ಹೇಳದೆ ಮುಗಿಸಿಕೊಂಡ ಅಬಾರ್ಷನ್, "ಮುಟ್ಟು ತಡವಾಗಿ ಜಾಸ್ತಿ ಹೋಯ್ತು" ಅಂತ ಬಿಟ್ಟ ಗರ್ಭ, ಇವೆಲ್ಲ ಡಾಕ್ಟರ್ ಗಮನಕ್ಕೇ ಬರುವುದಿಲ್ಲ. ಅತ್ತೆ ಮುಂದೆ ಹೇಳಲು ಕಷ್ಟವಾದರೆ ಡಾಕ್ಟರ್ ಜೊತೆ ಒಬ್ಬರೇ ಇರುವಾಗ ಹೇಳಿ. ತಪ್ಪು ಸರಿ ವಿಚಾರಿಸುವುದಕ್ಕೆ ಅವರು ಕೇಳುವುದಲ್ಲ.

ಹೆಜ್ಜೆ 4: ಹೆರಿಗೆ ದಿನ, ಮತ್ತೆ 72 ಗಂಟೆ

ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯಿಂದ ಸ್ವಲ್ಪ ರಕ್ತ ತೆಗೆದು ಲ್ಯಾಬಿಗೆ ಕಳಿಸಬೇಕು. ಮಗುವಿನ ಗ್ರೂಪ್, ಡೈರೆಕ್ಟ್ ಕೂಂಬ್ಸ್ ಟೆಸ್ಟ್ (ತಾಯಿಯ ಆಂಟಿಬಾಡಿ ಮಗುವಿನ ರಕ್ತಕಣಕ್ಕೆ ಅಂಟಿದೆಯಾ ಅಂತ ನೋಡುವುದು), ಹಿಮೋಗ್ಲೋಬಿನ್, ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ) ನೋಡುತ್ತಾರೆ. ಬಳ್ಳಿಯ ರಕ್ತ ತೆಗೆದರೆ ಮಗುವಿಗೆ ಚುಚ್ಚುವ ಕೆಲಸವೇ ಇಲ್ಲ. ಹೆರಿಗೆ ಕೋಣೆಗೆ ಹೋಗುವಾಗಲೇ ನರ್ಸ್‌ಗೆ ಹೇಳಿಡಿ. ನೋವಿನ ಹೊತ್ತಿಗೆ ನಿಮಗೆ ನೆನಪಿರುವುದಿಲ್ಲ, ಜೊತೆಗಿರುವವರು ಹೇಳಬೇಕು.

ಮಗು ನೆಗೆಟಿವ್ ಬಂದರೆ ಇಂಜೆಕ್ಷನ್ ಬೇಡ. ಪಾಸಿಟಿವ್ ಬಂದರೆ ತಾಯಿಗೆ 72 ಗಂಟೆ ಒಳಗೆ ಇನ್ನೊಂದು 300 ಮೈಕ್ರೋಗ್ರಾಂ ಡೋಸ್. ಇಂಜೆಕ್ಷನ್ ತಾಯಿಗೆ, ಮಗುವಿಗಲ್ಲ. "ಏಳನೇ ತಿಂಗಳಲ್ಲಿ ಕೊಟ್ಟಾಯ್ತಲ್ಲ, ಮತ್ತೆ ಯಾಕೆ?" ಅಂತ ಮನೆಯವರು ಕೇಳುತ್ತಾರೆ. ಅದರ ಶಕ್ತಿ ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಬರುತ್ತದೆ. ಹೆರಿಗೆ ಹೊತ್ತಿಗೆ ಉಳಿದಿರುವುದು ಸ್ವಲ್ಪವೇ. ರಕ್ತ ಜಾಸ್ತಿ ಬೆರೆಯುವುದು ಹೆರಿಗೆಯಲ್ಲೇ.

ಒಂದು 300ರ ಡೋಸ್ ಮಗುವಿನ ಸುಮಾರು 30 ಮಿಲಿ ರಕ್ತದವರೆಗೆ ನಿಭಾಯಿಸುತ್ತದೆ. ಮಾಸನ್ನು ಕೈ ಹಾಕಿ ತೆಗೆದಿದ್ದರೆ, ಅವಳಿಯಾಗಿದ್ದರೆ, ಮಾಸು ಮೊದಲೇ ಕಿತ್ತುಕೊಂಡು ರಕ್ತ ಹೋಗಿದ್ದರೆ ಅದಕ್ಕಿಂತ ಹೆಚ್ಚು ಬೆರೆತಿರಬಹುದು. ಅಂಥ ಕಡೆ ಎಷ್ಟು ಬೆರೆತಿದೆ ಅಂತ ಅಳೆಯುವ ಕ್ಲೈಹಾವರ್ ಪರೀಕ್ಷೆ ಮಾಡಿ ಇನ್ನೊಂದು ಡೋಸ್ ಬೇಕಾ ಅಂತ ನೋಡುತ್ತಾರೆ. ಕೇಳಿ.

72 ಗಂಟೆ ದಾಟಿಹೋಗಿದ್ದರೆ "ಇನ್ನು ಮುಗೀತು" ಅಂತ ಸುಮ್ನೆ ಇರಬೇಡಿ. ತಕ್ಷಣ ಹೋಗಿ. 10 ದಿನದ ಒಳಗೆ ಕೊಟ್ಟರೂ ಒಂದಿಷ್ಟು ರಕ್ಷಣೆ ಸಿಗುತ್ತದೆ. ಅದಕ್ಕಿಂತ ತಡವಾಗಿದ್ದರೂ ಡಾಕ್ಟರನ್ನು ಕೇಳದೆ ಬಿಡಬೇಡಿ.

ಇಂಜೆಕ್ಷನ್‌ಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ಅದರ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ಔಷಧಿ, ಪರೀಕ್ಷೆ, ರಕ್ತ ಎಲ್ಲ ಉಚಿತ. ಹೊರಗಿನಿಂದ ತನ್ನಿ ಅಂದರೆ ಮುಖ್ಯ ವೈದ್ಯಾಧಿಕಾರಿ ಹತ್ತಿರ ಹೋಗಿ ಕೇಳಿ. ಆದರೆ ಕೇಳುತ್ತಾ ಗಂಟೆ ಕಳೆಯಬೇಡಿ.

ನನ್ನ ಮಗಳು ಹುಟ್ಟಿದ್ದು ಮಧ್ಯಾಹ್ನ. ಸಂಜೆ ಲ್ಯಾಬಿನಿಂದ ಚೀಟಿ ಬಂತು, ಎ ಪಾಸಿಟಿವ್. ನರ್ಸ್ ಸೀಸೆಯ ಸ್ಟಿಕ್ಕರ್ ಬಿಡಿಸಿ, ಉಗುರಿನಲ್ಲಿ ಒತ್ತಿ ಕಾರ್ಡ್‌ಗೆ ಅಂಟಿಸಿ, ಸಮಯ ಬರೆದು ಸಹಿ ಹಾಕಿದರು. ಮಗು ಹುಟ್ಟಿ ಏಳು ಗಂಟೆಯೂ ಆಗಿರಲಿಲ್ಲ. ಆ ಸ್ಟಿಕ್ಕರ್ ನೋಡಿ ನಾನು ಅತ್ತುಬಿಟ್ಟೆ.

ಹೆಜ್ಜೆ 5: ಮಗುವಿನ ಬಣ್ಣ ನೋಡುತ್ತಿರಿ

ಎರಡು ಮೂರನೇ ದಿನ ಮಕ್ಕಳಿಗೆ ಸ್ವಲ್ಪ ಹಳದಿ ಬರುವುದು ಸಹಜ. ಹುಟ್ಟಿದ 24 ಗಂಟೆ ಒಳಗೆ ಹಳದಿ ಕಂಡರೆ ಮಾತ್ರ ಸಹಜ ಅಲ್ಲ, ಕೂಡಲೇ ತೋರಿಸಬೇಕು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಗೊತ್ತಾಗುವುದಿಲ್ಲ. ಕಿಟಕಿ ಹತ್ತಿರ ಹಗಲು ಬೆಳಕಿಗೆ ತನ್ನಿ. ಹಣೆ, ಎದೆ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದ ಜಾಗ ಹಳದಿಯಾಗಿ ಕಾಣುತ್ತದಾ ನೋಡಿ. ಮಗು ಕಪ್ಪಗಿದ್ದರೆ ಕಣ್ಣಿನ ಬಿಳಿ ಭಾಗ, ವಸಡು ನೋಡಿ. ಹಳದಿ ಮುಖದಿಂದ ಶುರುವಾಗಿ ಕೆಳಗೆ ಇಳಿಯುತ್ತದೆ. ಅಂಗೈ ಅಂಗಾಲಿಗೆ ಬಂದಿದ್ದರೆ, ಮಗು ಹಾಲು ಕುಡಿಯದೆ ಮಂಕಾಗಿದ್ದರೆ, ಕೀರಲು ದನಿಯಲ್ಲಿ ಅಳುತ್ತಿದ್ದರೆ, ಬೆನ್ನು ಬಿಲ್ಲಿನಂತೆ ಬಗ್ಗಿಸಿದರೆ ಒಂದು ನಿಮಿಷವೂ ಕಾಯಬೇಡಿ. ಬಿಲಿರುಬಿನ್ ಮಿತಿ ಮೀರಿದರೆ ಮಿದುಳಿಗೆ ಇಳಿಯುತ್ತದೆ. ಆಮೇಲೆ ಕಿವುಡು, ಕೈಕಾಲು ಬಿಗಿತ ಜೀವನಪೂರ್ತಿ ಉಳಿಯಬಹುದು.

ಚಿಕಿತ್ಸೆ ನೀಲಿ ಬೆಳಕಿನ ಫೋಟೋಥೆರಪಿ. ತೀರಾ ಜಾಸ್ತಿಯಾದರೆ ಮಗುವಿನ ರಕ್ತ ಬದಲಾಯಿಸುತ್ತಾರೆ. ಬೆಳಗಿನ ಬಿಸಿಲಿಗೆ ಹಿಡಿಯುವುದು ಇದಕ್ಕೆ ಸಾಲದು. ಗ್ಲೂಕೋಸ್ ನೀರು ಕುಡಿಸಬೇಡಿ. ಕಾಮಾಲೆಗೆ ಎಲೆರಸ ಹಿಂಡುವುದು, ಹೊಟ್ಟೆಗೆ ಬರೆ ಹಾಕುವುದು ಖಂಡಿತ ಬೇಡ. ಕೂಸಿನ ಮೈ ಸುಟ್ಟ ಗಾಯಕ್ಕೆ ಸೋಂಕು ಹತ್ತಿ, ಕಾಮಾಲೆಯೂ ಹಾಗೇ ಉಳಿದು, ಎರಡೂ ಸೇರಿ ಮಗುವನ್ನೇ ಕಳೆದುಕೊಳ್ಳಬಹುದು. ಎದೆಹಾಲು ಮಾತ್ರ ನಿಲ್ಲಿಸಬೇಡಿ. ಇಂಜೆಕ್ಷನ್ ಹಾಕಿಸಿಕೊಂಡ ತಾಯಿಯೂ ಧಾರಾಳವಾಗಿ ಹಾಲು ಕೊಡಬಹುದು.

ತಾಯಿ ಓ, ಮಗು ಎ ಅಥವಾ ಬಿ ಆದರೆ

ಇದೂ ಒಂದು ಥರದ ಹೊಂದಾಣಿಕೆ ಇಲ್ಲದಿರುವಿಕೆ. ಓ ಗ್ರೂಪ್ ನಮ್ಮಲ್ಲಿ ತುಂಬ ಸಾಮಾನ್ಯ, ಹಾಗಾಗಿ ಇದು ಆರ್‌ಎಚ್‌ಗಿಂತ ಹೆಚ್ಚು ಕಾಣಸಿಗುತ್ತದೆ. ಓ ಗ್ರೂಪಿನವರ ಮೈಯಲ್ಲಿ ಎ, ಬಿ ವಿರುದ್ಧದ ಆಂಟಿಬಾಡಿ ಮೊದಲಿಂದಲೂ ಇರುತ್ತದೆ, ಆದ್ದರಿಂದ ಮೊದಲ ಮಗುವಿಗೂ ಕಾಮಾಲೆ ಬರಬಹುದು. ಸಾಮಾನ್ಯವಾಗಿ ಹಗುರ. ಫೋಟೋಥೆರಪಿಯಲ್ಲೇ ಇಳಿಯುತ್ತದೆ. ಇದಕ್ಕೆ ತಡೆಯುವ ಇಂಜೆಕ್ಷನ್ ಇಲ್ಲ, ಬೇಕಾಗಿಯೂ ಇಲ್ಲ. ತಾಯಿ ಓ ಆಗಿದ್ದರೆ ಮಗುವಿನ ಬಣ್ಣವನ್ನು ಮೊದಲ ಐದಾರು ದಿನ ಮೇಲೆ ಹೇಳಿದ ಹಾಗೆ ನೋಡುತ್ತಿರಿ. ಬೇಗ ಡಿಸ್ಚಾರ್ಜ್ ಆಗಿದ್ದರೆ ಒಂದೆರಡು ದಿನದಲ್ಲಿ ಮತ್ತೆ ತೋರಿಸಿ.

ಐಸಿಟಿ ಪಾಸಿಟಿವ್ ಬಂದಿದ್ದರೆ

ಇಲ್ಲಿ ಆಂಟಿ-ಡಿ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ಹಾಗಂತ ಮಗು ಕೈ ತಪ್ಪಿತು ಅಂತಲೂ ಅಲ್ಲ. ಆಂಟಿಬಾಡಿ ಎಷ್ಟಿದೆ ಅಂತ ಟೈಟರ್ ನೋಡುತ್ತಾರೆ. ರಿಪೋರ್ಟಿನಲ್ಲಿ 1:4, 1:8, 1:16 ಅಂತ ಬರೆದಿರುತ್ತದೆ. ಎರಡನೇ ಅಂಕಿ ದೊಡ್ಡದಾದಷ್ಟೂ ಆಂಟಿಬಾಡಿ ಜಾಸ್ತಿ. 1:16 ಅಥವಾ 1:32 ಮುಟ್ಟಿದರೆ ನಿಗಾ ಬಿಗಿಯಾಗುತ್ತದೆ. ಆಗ ಡಾಪ್ಲರ್ ಸ್ಕ್ಯಾನಿನಲ್ಲಿ ಮಗುವಿನ ಮಿದುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಎಷ್ಟು ವೇಗವಾಗಿ ಓಡುತ್ತಿದೆ ಅಂತ ಅಳೆಯುತ್ತಾರೆ. ಮಗುವಿಗೆ ರಕ್ತ ಕಡಿಮೆಯಾದರೆ ಅದು ತೆಳುವಾಗಿ ಜೋರಾಗಿ ಓಡುತ್ತದೆ. ಚುಚ್ಚದೆಯೇ ರಕ್ತಹೀನತೆ ಗೊತ್ತಾಗುತ್ತದೆ.

ಅಗತ್ಯ ಬಿದ್ದರೆ ಹೊಟ್ಟೆಯಲ್ಲಿರುವ ಮಗುವಿಗೇ ರಕ್ತ ಕೊಡುತ್ತಾರೆ. 1963ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ವಿಲಿಯಂ ಲೈಲಿ ಎಂಬ ಡಾಕ್ಟರ್ ಇದನ್ನು ಮೊದಲು ಮಾಡಿ ತೋರಿಸಿದರು. ಆಗ ಸ್ಕ್ಯಾನ್ ಇನ್ನೂ ಬಳಕೆಯಲ್ಲಿ ಅಷ್ಟಾಗಿ ಇರಲಿಲ್ಲ, ಎಕ್ಸ್‌ರೇ ನೋಡಿಕೊಂಡು ಸೂಜಿ ಹಾಕಿದ್ದರು. ಈಗ ಸ್ಕ್ಯಾನಿನಲ್ಲಿ ನೋಡುತ್ತಾ ಸಣ್ಣ ಸೂಜಿಯಿಂದ ಹೊಕ್ಕುಳಬಳ್ಳಿಗೆ ಓ ನೆಗೆಟಿವ್ ರಕ್ತ ಕೊಡುತ್ತಾರೆ. ಕೆಲವು ವಾರಕ್ಕೊಮ್ಮೆ ಮತ್ತೆ ಬೇಕಾಗಬಹುದು. ಬೆಂಗಳೂರಿನಂಥ ಊರಿನ ಫೀಟಲ್ ಮೆಡಿಸಿನ್ ಸೆಂಟರ್‌ಗಳಲ್ಲಿ ಇದು ಲಭ್ಯವಿದೆ.

ಐಸಿಟಿ ಪಾಸಿಟಿವ್ ಇರುವವರು ಹೆರಿಗೆಗೆ ತವರೂರಿನ ಸಣ್ಣ ನರ್ಸಿಂಗ್ ಹೋಂ ಆರಿಸಬೇಡಿ. ಮಕ್ಕಳ ಐಸಿಯು ಮತ್ತು ರಕ್ತನಿಧಿ ಎರಡೂ ಇರುವ ಆಸ್ಪತ್ರೆಯಲ್ಲಿ ಹೆಸರು ಬರೆಸಿ. ನೆಗೆಟಿವ್ ರಕ್ತ ನಮ್ಮಲ್ಲಿ ಬೇಕೆಂದ ಕೂಡಲೇ ಸಿಗುವುದಿಲ್ಲ. ಹೆರಿಗೆ ದಿನಕ್ಕೆ ಮೂರ್ನಾಲ್ಕು ವಾರ ಮುಂಚೆಯೇ ರಕ್ತನಿಧಿಗೆ ತಿಳಿಸಿ. ನೆಂಟರಲ್ಲಿ, ಗೆಳೆಯರಲ್ಲಿ ಓ ನೆಗೆಟಿವ್ ಇರುವ ಒಬ್ಬಿಬ್ಬರ ಫೋನ್ ನಂಬರನ್ನು ತಾಯಿ ಕಾರ್ಡ್‌ನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ.